ತೇವಾಂಶವೋ, ಪಸೆಯೋ? ತೆಂಗಿನ ಮರದ ವಿಷಯದಲ್ಲಿ ಒಂದು ಅನುಮಾನ

ಎಲ್ಲರಿಗೂ ನಮಸ್ಕಾರ.

ತೆಂಗಿನ ಮರದಲ್ಲಿ ನೀರು ಜಾಸ್ತಿಯಾದಂತೆ ಕರೆಂಟ್ ಹೇಗೆ ಹರಿಯುತ್ತದೆ ಅಂತ ಒಂದು ಪುಟ್ಟ ಬರಹ ಮಾಡುತ್ತಿದ್ದೇನೆ. ಮೊದಲ ಸಾಲಲ್ಲೇ ಸಿಕ್ಕಿಹಾಕಿಕೊಂಡೆ. ‘ಹಸಿ ತೆಂಗಿನ ಒಳಭಾಗದಲ್ಲಿ ತೇವಾಂಶ ಶೇ. 200 ಇರಬಹುದು’ ಎಂದು ಬರೆದಿದ್ದೆ. ತಮ್ಮ ಓದಿ ನಕ್ಕ. ‘ಅಂಶ ಅಂದ್ರೆ ಭಾಗ ಅಲ್ವಾ? ಭಾಗ ಇಡಿಗಿಂತ ದೊಡ್ಡದಾಗೋದು ಹೇಗಣ್ಣ?’

ಲೆಕ್ಕ ಸರಿಯಾಗಿಯೇ ಇದೆ. ಮರವನ್ನು ಪೂರ್ತಿ ಒಣಗಿಸಿ ತೂಗಿ, ಹೋದ ನೀರನ್ನು ಆ ಒಣತೂಕಕ್ಕೆ ಹೋಲಿಸುತ್ತಾರೆ. ಒಂದು ಕೆಜಿ ಒಣಮರಕ್ಕೆ ಎರಡು ಕೆಜಿ ನೀರಿದ್ದರೆ 200. ಎಡವಟ್ಟಾಗಿರುವುದು ಪದದಲ್ಲಿ.

ಇನ್ನೊಂದು ತೊಡಕಿದೆ. ಮರದೊಳಗಿನ ನೀರು ಎರಡು ಬಗೆ. ನಾರಿನ ಗೋಡೆಗೆ ಕಚ್ಚಿಕೊಂಡದ್ದು ಒಂದು, ಪೊಳ್ಳಿನಲ್ಲಿ ತುಂಬಿಕೊಂಡದ್ದು ಇನ್ನೊಂದು. ಕರೆಂಟಿನ ಆಟವೆಲ್ಲ ಹೆಚ್ಚಾಗಿ ಮೊದಲನೆಯದರದ್ದೇ. ಪೂರ್ತಿ ಒಣಗಿದ ಮರ ಕರೆಂಟನ್ನು ಬಿಡುವುದೇ ಇಲ್ಲ ಅನ್ನಬಹುದು. ಗೋಡೆ ನೀರು ಹೀರುತ್ತಾ ಶೇ. 30ರ ಹತ್ತಿರ ಬರುವಷ್ಟರಲ್ಲಿ ಅದರ ತಡೆ ಹತ್ತು ಲಕ್ಷ ಪಟ್ಟಿಗೂ ಜಾಸ್ತಿ ಇಳಿದಿರುತ್ತದೆ. ಆಮೇಲೆ ಪೊಳ್ಳು ಎಷ್ಟೇ ತುಂಬಲಿ, ಅಂಥ ವ್ಯತ್ಯಾಸ ಇಲ್ಲ. ಎರಡಕ್ಕೂ ತೇವಾಂಶ ಅಂದುಬಿಟ್ಟರೆ ಈ ತಿರುವು ಓದುಗರಿಗೆ ಕಾಣುವುದೇ ಇಲ್ಲ.

ಹೋದ ವಾರ ಮಂಡ್ಯದ ಒಂದು ಸಾಮಿಲ್‌ಗೆ ಹೋಗಿದ್ದೆ, ಕೊಟ್ಟಿಗೆಗೆ ತೀರು ಕುಯ್ಯಿಸಲು. ಕಡಿದು ನಾಲ್ಕು ತಿಂಗಳಾದ ಮರ. ತೇವ ಅಳೆಯುವ ಎರಡು ಮುಳ್ಳಿನ ಮೀಟರ್ ಚುಚ್ಚಿದೆ. ಹೊರಮೈಯಲ್ಲಿ ಶೇ. 16, ಒಳಮೈಯಲ್ಲಿ ಶೇ. 27. (ಮೀಟರ್ ಬೇರೆ ಮರಕ್ಕೆ ಹೊಂದಿಸಿದ್ದು, ತೆಂಗಿಗೆ ಆ ಅಂಕಿಯನ್ನು ಹಾಗೇ ನಂಬುವಂತಿಲ್ಲ.) ಬಡಗಿ ಆಚಾರ್ರು ಮೀಟರ್ ಕಡೆ ನೋಡಲೂ ಇಲ್ಲ. ಹೆಬ್ಬೆರಳ ಉಗುರು ಒತ್ತಿ, ‘ಮೇಲೆ ಒಣಗೈತೆ, ಒಳಗಿನ್ನೂ ಪಸೆ ಆರಿಲ್ಲ’ ಅಂದರು.

ಈ ‘ಪಸೆ’ ನನಗೆ ಹಿಡಿಸಿತು. ಗಂಟಲ ಪಸೆ ಆರಿತು ಅನ್ನುತ್ತೇವಲ್ಲ, ಅಲ್ಲೂ ಸುರಿಯುವ ನೀರಿಲ್ಲ, ಅಂಟಿಕೊಂಡದ್ದಷ್ಟೇ. ಹಾಗಾದರೆ ಗೋಡೆಗೆ ಕಚ್ಚಿದ ನೀರಿಗೆ ‘ಪಸೆ’, ಪೊಳ್ಳಿನದಕ್ಕೆ ಬರೀ ‘ನೀರು’, ಗೋಡೆ ಇನ್ನು ಸಾಕು ಅನ್ನುವ ಹಂತಕ್ಕೆ ‘ಪಸೆದಣಿವು’ ಅನ್ನಬಹುದೇ? ಕೊನೆಯದು ನನಗೇ ಸ್ವಲ್ಪ ಕಟ್ಟಿದ ಹಾಗಿದೆ.

ಜೊತೆಗೆ ಸುಮ್ನೆ ಇನ್ನೊಂದು. ಚೇಗು ಅಂದರೆ ಮರದ ನಡುವಿನ ಗಟ್ಟಿ ಭಾಗ. ತೆಂಗಿನಲ್ಲಿ ಗಟ್ಟಿ ಇರುವುದು ಹೊರಗೆ, ನಡುವೆ ಬೆಂಡು. ಆಚಾರ್ರು ಆ ಹೊರಗಿನದನ್ನೇ ಚೇಗು ಅಂದರು. ನಿಮ್ಮ ಕಡೆ ಏನಂತಾರೆ?