ಅಮೀನ್‌ದೀವಿಯನ್ನು ಲಕ್ಷದ್ವೀಪ ಅನ್ನಬಹುದಾ?

ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಬಗ್ಗೆ ಒಂದು ಇಂಗ್ಲಿಷ್ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಅರಬ್ಬಿ ಸಮುದ್ರದ ದ್ವೀಪಗಳಿಗೆ ಲಕ್ಕದೀವ್, ಅಮೀನ್‌ದೀವಿ ಅಂತ ಎರಡು ಹೆಸರು ಬರುತ್ತವೆ. ಮೊದಲ ಕರಡಿನಲ್ಲಿ ಎರಡಕ್ಕೂ ಸುಮ್ನೆ 'ಲಕ್ಷದ್ವೀಪ' ಅಂತ ಹಾಕಿಬಿಟ್ಟೆ. ಆಮೇಲೆ ಓದಿದರೆ, ಒಂದು ಸಾಲಿನಲ್ಲಿ ಲಕ್ಷದ್ವೀಪ ಮಲಬಾರ್ ಜಿಲ್ಲೆಗೆ ಸೇರಿತ್ತು, ಮುಂದಿನ ಸಾಲಿನಲ್ಲಿ ಅದೇ ಲಕ್ಷದ್ವೀಪ ದಕ್ಷಿಣ ಕನ್ನಡಕ್ಕೆ ಸೇರಿತ್ತು!

ಎರಡೂ ನಿಜವೇ, ಆದರೆ ದ್ವೀಪಗಳು ಬೇರೆ. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಈ ಬಡಗಣ ಗುಂಪು ಅಮೀನ್‌ದೀವಿ. 1780ರ ದಶಕದಲ್ಲಿ ಟಿಪ್ಪುವಿನ ಕೈಗೆ ಬಂದು, 1799ರ ನಂತರ ಬ್ರಿಟಿಷರ ಪಾಲಾಗಿ, ಮಂಗಳೂರಿನ ಆಡಳಿತಕ್ಕೆ ಸೇರಿದ್ದು ಇದು. ಅಲ್ಲಿನ ತೆಂಗಿನ ನಾರು ಮಂಗಳೂರಿಗೇ ಬರುತ್ತಿತ್ತು. ಕವರತ್ತಿ, ಅಗತ್ತಿ, ಆಂದ್ರೋತ್, ಕಲ್ಪೇನಿ ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದು ಆಮೇಲೆ ಮಲಬಾರಿಗೆ ಹೋದವು. ಕಿರಿದಾದ ಅರ್ಥದಲ್ಲಿ ಲಕ್ಕದೀವ್ ಅಂದರೆ ಇವು ಮಾತ್ರ. ದೂರದ ತೆಂಕಣದಲ್ಲಿರುವ ಮಿನಿಕಾಯ್ ಇನ್ನೂ ಬೇರೆ, ಅಲ್ಲಿನವರು ತಮ್ಮ ದ್ವೀಪವನ್ನು ಮಲಿಕು ಅಂತಾರೆ, ಮಾತು ಕೂಡ ಮಾಲ್ದೀವ್ಸ್ ಕಡೆಯದು.

1956ರಲ್ಲಿ ಕೇಂದ್ರಾಡಳಿತ ಪ್ರದೇಶ ಆದಾಗಲೂ ಮೂರೂ ಹೆಸರು ಜೊತೆಗೇ ಇದ್ದವು. 1973ರಲ್ಲಿ ಎಲ್ಲಕ್ಕೂ ಸೇರಿ ಲಕ್ಷದ್ವೀಪ ಅಂತಾಯಿತು. ಹಾಗಾಗಿ ಹಳೆಯ ಕಾಲದ ಮಾತು ಬಂದಾಗ ಅಮೀನ್‌ದೀವಿ ಅಂತಲೇ ಉಳಿಸಿಕೊಳ್ಳಬೇಕು ಅನ್ನೋದು ನನ್ನ ಅಭಿಪ್ರಾಯ. ನಮ್ಮ ಜಿಲ್ಲೆಯ ಭಾಗವೇ ಆಗಿದ್ದ ದ್ವೀಪಗಳ ಹೆಸರು ಕನ್ನಡ ಬರಹದಿಂದಲೇ ಮಾಯವಾದರೆ ಬೇಜಾರಾಗುತ್ತೆ, ಅಲ್ವಾ? ತೊಡಕಿರುವುದು ಲಕ್ಕದೀವ್‌ಗೆ. ಇಂಗ್ಲಿಷಿನವರು ಕೆಲವೊಮ್ಮೆ ಇಡೀ ಸಮೂಹಕ್ಕೂ ಅದನ್ನೇ ಬಳಸಿದ್ದಾರೆ, ಆದ್ದರಿಂದ ಪ್ರತಿ ಸಾಲಿನಲ್ಲೂ ಯಾವ ದ್ವೀಪದ ಮಾತು ಅಂತ ನೋಡಿಯೇ ಬರೆಯಬೇಕು. ಕಿರಿದಾದ ಅರ್ಥ ಇರುವಲ್ಲಿ 'ಲಕ್ಕದೀವಿ' ಅಂತ ಬರೆದರೆ ಓದುಗರಿಗೆ ತಿಳಿಯುತ್ತಾ, ಅಥವಾ 'ಕವರತ್ತಿ ಕಡೆಯ ದ್ವೀಪಗಳು' ಅಂತ ಬಿಡಿಸಿ ಬರೆಯೋದು ವಾಸಿಯಾ?

ಇನ್ನೊಂದು. ಮಂಗಳೂರಿನ ಬಂದರಿನ ಕಡೆ ಹಿರಿಯರು ಈ ದ್ವೀಪಗಳಿಗೆ, ಅಲ್ಲಿಂದ ಓಡದಲ್ಲಿ ಬರುತ್ತಿದ್ದವರಿಗೆ ಏನನ್ನುತ್ತಿದ್ದರು? ಕೇಳಿದವರಿದ್ದರೆ, ಅವರ ಬಾಯಲ್ಲಿ ಬಂದ ಹಾಗೇ ಬರೆದು ಕಳಿಸಿ. ದೀವಿಹಲಸು ಅಂತೀವಲ್ಲ, ಆ 'ದೀವಿ'ಯೂ ಈ ದೀವಿಯೂ ಒಂದೇನಾ ಅನ್ನೋದನ್ನೂ ಬಲ್ಲವರು ತಿಳಿಸಿ.