ಲಿನಕ್ಸ್‌ಗೆ ಪವರ್‌ಫುಲ್ ಲ್ಯಾಪ್‌ಟಾಪ್: ಎನ್ವಿಡಿಯಾ ಬೇಕಾ, ಬೇಡವಾ?

ಪ್ರಶ್ನೆ:
ಬ್ಲೆಂಡರ್ (3ಡಿ ಸಾಫ್ಟ್‌ವೇರ್) ರೆಂಡರಿಂಗ್, ಅಂದ್ರೆ 3ಡಿ ದೃಶ್ಯದಿಂದ ಚಿತ್ರ ತಯಾರಿಸೋದು, ಜೊತೆಗೆ ದೊಡ್ಡ ಕೋಡ್ ಕಂಪೈಲ್ ಮಾಡೋ ಕೆಲಸ. ಲಿನಕ್ಸ್ ಮಾತ್ರ ಹಾಕುತ್ತೇನೆ. ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್ ತಲೆನೋವು ಅಂತ ಕೆಲವರು, ಅದಿಲ್ಲದೆ ರೆಂಡರ್ ನಿಧಾನ ಅಂತ ಇನ್ನು ಕೆಲವರು. ಯಾರ ಮಾತು ಕೇಳಲಿ?

ಉತ್ತರ 1:
ರೆಂಡರಿಂಗೇ ಮುಖ್ಯ ಆದ್ರೆ ಎನ್ವಿಡಿಯಾ ತಗೊಳ್ಳಿ. ಬ್ಲೆಂಡರ್‌ನ ಸೈಕಲ್ಸ್ ಅನ್ನೋ ರೆಂಡರ್ ಎಂಜಿನ್ ಎನ್ವಿಡಿಯಾದ ಆಪ್ಟಿಕ್ಸ್ ತಂತ್ರಜ್ಞಾನ ಬಳಸಿದಾಗ ವೇಗ ಚೆನ್ನಾಗಿರುತ್ತೆ. ಇನ್‌ಸ್ಟಾಲ್ ಮಾಡುವಾಗ ಒಂದು ವಿಷಯ ಗಮನಿಸಿ: ಸೆಕ್ಯೂರ್ ಬೂಟ್ (ಸಹಿ ಇಲ್ಲದ ಸಾಫ್ಟ್‌ವೇರನ್ನು ಬೂಟ್ ವೇಳೆ ತಡೆಯೋ ವ್ಯವಸ್ಥೆ) ಆನ್ ಇದ್ರೆ ಡ್ರೈವರ್ ಮಾಡ್ಯೂಲ್‌ಗೆ ಸಹಿ ಬೇಕು, ರೀಬೂಟ್ ಆದಾಗ ನೀಲಿ ಪರದೆಯಲ್ಲಿ ಕೀ ಎನ್‌ರೋಲ್ ಮಾಡಿ ಅಂತ ಕೇಳಬಹುದು, ಅದನ್ನು ಸುಮ್ನೆ ದಾಟಿಸಿದರೆ ಡ್ರೈವರ್ ಲೋಡ್ ಆಗೋದೇ ಇಲ್ಲ. ಆಮೇಲೆ 'ಎನ್ವಿಡಿಯಾ-ಎಸ್ಎಂಐ' (nvidia-smi) ಕಮಾಂಡ್ ಟರ್ಮಿನಲ್‌ನಲ್ಲಿ ಓಡಿಸಿ ನೋಡಿ, ಕಾರ್ಡ್ ಹೆಸರು ಬಂದ್ರೆ ಸರಿ.

ಉತ್ತರ 2:
ಕಂಪೈಲ್ ಕೆಲಸವೇ ಜಾಸ್ತಿ ಅಂದ್ರೆ ನಾನು ಎಎಂಡಿ ಗ್ರಾಫಿಕ್ಸ್ ಕಡೆಗೇ. ಅದರ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇದೆ, ಬೇರೆ ಹಾಕಬೇಕಿಲ್ಲ. ದುಡ್ಡನ್ನು ಪ್ರೊಸೆಸರ್ ಕೋರ್‌ಗೆ, ರ‍್ಯಾಮ್‌ಗೆ ಹಾಕಿ. 32 ಜಿಬಿ ಇರಲಿ. ಎಷ್ಟೋ ತೆಳು ಮಾಡೆಲ್‌ಗಳಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸುಗೆ ಹಾಕಿರುತ್ತೆ, ಆಮೇಲೆ ಹೆಚ್ಚಿಸೋಕೆ ಆಗಲ್ಲ.

ಉತ್ತರ 3:
ಯಾವುದೇ ಆಗಲಿ, ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸೋ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ ನೋಡದೆ ನಿರ್ಧಾರ ಮಾಡಬೇಡಿ. ವೈಫೈ, ಸೌಂಡ್, ವೆಬ್‌ಕ್ಯಾಮ್ ನೋಡಿ, ಮುಖ್ಯವಾಗಿ ಮುಚ್ಚಳ ಮುಚ್ಚಿ ತೆಗೆದಾಗ ಸರಿಯಾಗಿ ಎದ್ದೇಳುತ್ತಾ ಅಂತ ನೋಡಿ. ತೀರಾ ಹೊಸ ಹಾರ್ಡ್‌ವೇರ್ ಆದ್ರೆ ಹಳೇ ಕರ್ನಲ್‌ಗೆ ಗೊತ್ತಿರಲ್ಲ, ಅದಕ್ಕೆ ಹೊಸ ಕರ್ನಲ್ ಇರೋ ಫೆಡೋರಾ ಥರದ ಲಿನಕ್ಸ್ ಹಾಕಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್, ಎನ್ವಿಡಿಯಾ ಎರಡೂ ಇರೋದನ್ನು ತಗೊಂಡ್ರೆ ಬ್ಯಾಟರಿ ಗತಿ?

ಉತ್ತರ 1:
ದಿನದ ಕೆಲಸ ಒಳಗಿನ ಗ್ರಾಫಿಕ್ಸ್‌ನಲ್ಲೇ ಇರಲಿ, ಬ್ಲೆಂಡರ್ ಒಂದನ್ನು ಮಾತ್ರ 'ಪ್ರೈಮ್-ರನ್' (prime-run) ಕಮಾಂಡ್ ಮುಂದೆ ಹಾಕಿ ಎನ್ವಿಡಿಯಾದಲ್ಲಿ ತೆರೆಯಿರಿ.