ಸಹಾಯ ಬೇಕು: ಚೌತಿ ರಜೆಯಲ್ಲಿ ಹಸೆ ಚಿತ್ತಾರ (ಮಲೆನಾಡಿನ ಮನೆಗೋಡೆಗಳ ಎಳೆ ಚಿತ್ರ) ಕಲಿಸುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಹತ್ತಿರದ ಹಳ್ಳಿ. ಆಷಾಢದ ಮಳೆ ಹಿಡಿದರೆ ಸಾಕು, ಆಯಿ ಮಂಕಾಗುತ್ತಾಳೆ. ಹೋದ ಚೌತಿಗೆ ಮನೆ ತುಂಬ ಜನ, ಎಲ್ಲ ಸೇರಿ ಚಕ್ಕುಲಿ ಮಾಡುವ ಚಕ್ಕುಲಿ ಕಂಬಳ ಬೇರೆ. ಆಯಿ ಮಾತ್ರ ಒಳಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಸೋಮಾರಿತನ ಅಂದವರೂ ಇದ್ದರು, ಬಿಡಿ. ಬಿಸಿಲು ಕಡಿಮೆಯಾದಾಗ ಕೆಲವರಿಗೆ ಬರುವ ಖಿನ್ನತೆ ಇದು ಅಂದರು ಡಾಕ್ಟರ್. ಮಾತ್ರೆ ನಡೆದಿದೆ, ಅದನ್ನು ನಿಲ್ಲಿಸುವುದಿಲ್ಲ.

ಮೊನ್ನೆ ಮಗಳು ಜಗಲಿಯಲ್ಲಿ ಕೂತು ಶೇಡಿಯಲ್ಲಿ (ಬಿಳಿ ಮಣ್ಣು ಕಲಸಿದ ನೀರಲ್ಲಿ) ಬೆರಳು ಅದ್ದಿ ಸುಮ್ನೆ ಗೀಚುತ್ತಿದ್ದಳು. ಆಯಿ ಎದ್ದು ಬಂದು, "ಕೂಸೇ, ಎಳೆ ಸೊಟ್ಟಾತು" ಅಂದು ತಾನೇ ತಿದ್ದಿದಳು. ಅರ್ಧ ಗಂಟೆ ಏಳಲಿಲ್ಲ!

ಅದಕ್ಕೇ ಕೇಳುತ್ತಿರುವುದು. ದೀವರ ಸಮುದಾಯದ ಮನೆಗಳ ಹಸೆ ಚಿತ್ತಾರ ಬಲ್ಲವರು ಶಿರಸಿ, ಸಿದ್ದಾಪುರ ಕಡೆ ಇದ್ದರೆ, ರಜೆಯಲ್ಲಿ ಮೂರ್ನಾಲ್ಕು ಮಧ್ಯಾಹ್ನ ನಮ್ಮ ಜಗಲಿಗೆ ಬಂದು ಕಲಿಸುತ್ತೀರಾ? ಸಂಭಾವನೆ, ಹೋಗಿಬರುವ ಖರ್ಚು ನಮ್ಮದು. ಕೆಮ್ಮಣ್ಣು, ಅಕ್ಕಿ ಹಿಟ್ಟು ಇದೆ. ಪುಂಡಿ ನಾರಿನ ಕುಂಚ ಮಾತ್ರ ಎಲ್ಲಿ ಸಿಗುತ್ತದೋ ಗೊತ್ತಿಲ್ಲ. ಮಳೆಗಾಲದಲ್ಲಿ ಹೀಗೇ ಒಳಗೇ ಉಳಿಯುವವರು ನಿಮ್ಮನೆಯಲ್ಲೂ ಇದ್ದರೆ ಕರೆದುಕೊಂಡು ಬನ್ನಿ. ಜಗಲಿ ದೊಡ್ಡದಿದೆ, ಕಷಾಯ ಗ್ಯಾರಂಟಿ.